ನಿವೃತ್ತಿಯ ನಂತರ ರಸ್ತೆಯ ಮೇಲೆ ಸಂಸಾರ: ವ್ಯಾನ್, ಟ್ರೈಲರ್, ಮೋಟರ್‌ಹೋಮ್, ಯಾವುದನ್ನು ಕೊಳ್ಳೋಣ?

ಸಾಗರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಕಳೆದ ಮೇ ತಿಂಗಳ ಕೊನೆಗೆ ಪ್ರೌಢಶಾಲೆಯ ಗಣಿತ ಶಿಕ್ಷಕನ ಹುದ್ದೆಯಿಂದ ನಿವೃತ್ತನಾದೆ. ನನಗೆ 60, ನನ್ನ ಹೆಂಡತಿಗೆ 57. ಮಕ್ಕಳಿಬ್ಬರೂ ಅವರವರ ಸಂಸಾರದಲ್ಲಿ ನೆಲೆಯಾಗಿದ್ದಾರೆ. ಮೂವತ್ತೆರಡು ವರ್ಷ ಬೇಸಿಗೆ ರಜೆ ಬಂದಾಗಲೆಲ್ಲ ಮೌಲ್ಯಮಾಪನ, ಜನಗಣತಿ, ಚುನಾವಣೆಯ ಕೆಲಸ. ದೂರದ ಊರು ನೋಡಿದ್ದು ಬಹಳ ಕಡಿಮೆ. ಇನ್ನು ಮಳೆಗಾಲದ ನಾಲ್ಕು ತಿಂಗಳು ಮನೆ, ಉಳಿದ ಎಂಟು ತಿಂಗಳು ರಸ್ತೆ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.

ಮುಂದಿರುವ ದಾರಿ ಮೂರು. ಬೆಂಗಳೂರಿನಲ್ಲಿ ಒಂದು ಹಳೆಯ ಟಿಟಿ (ಟೆಂಪೊ ಟ್ರಾವೆಲರ್ ವ್ಯಾನ್) ಮಾರಾಟಕ್ಕಿದೆ, ಅದನ್ನು ಕೊಂಡು ಒಳಗೆ ಮನೆಯಂತೆ ಮಾಡಿಸುವುದು ಒಂದು. ನಮ್ಮ ಕಾರಿನ ಹಿಂದೆ ಟ್ರೈಲರ್ ಕಟ್ಟಿಕೊಳ್ಳುವುದು ಇನ್ನೊಂದು. ಸ್ನಾನದ ಕೋಣೆ, ಎಸಿ, ಅಡುಗೆಮನೆ ಎಲ್ಲವೂ ಇರುವ ದೊಡ್ಡ ಮೋಟರ್‌ಹೋಮ್ ಮೂರನೆಯದು. ನನ್ನ ಮನಸ್ಸು ಮೂರನೆಯದರ ಕಡೆಗೆ ವಾಲಿದೆ. ನಿವೃತ್ತಿಯ ಹಣದಲ್ಲಿ ಇದಕ್ಕೆಂದು 22 ಲಕ್ಷ ತೆಗೆದಿಟ್ಟಿದ್ದೇನೆ. ಸಾಲದಿದ್ದರೆ ಮನೆಯನ್ನು ಮಾರುವ ಯೋಚನೆಯೂ ಇದೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಚನ್ನರಾಯಪಟ್ಟಣದ ಚಾಲಕ

ಮೇಷ್ಟ್ರೇ, ಮೊದಲು ಮನೆ ಮಾರುವ ಮಾತನ್ನು ಬಿಟ್ಟುಬಿಡಿ. ಚಕ್ರದ ಮೇಲಿರುವ ಮನೆ ವರ್ಷದಿಂದ ವರ್ಷಕ್ಕೆ ಬೆಲೆ ಕಳೆದುಕೊಳ್ಳುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಕಾಯಿಲೆಯಾದರೆ ಮರಳಿ ಬರಲು ನಿಂತ ಮನೆ ಬೇಕು.

ನಾನು 31 ವರ್ಷ ಬಸ್ ಓಡಿಸಿದವನು. ಟ್ರೈಲರ್ ಬಗ್ಗೆ ಹೇಳುತ್ತೇನೆ. ಅದನ್ನು ಹಿಂದಕ್ಕೆ ತರುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರಿನ ಬಾಲ ಬಲಕ್ಕೆ ಹೋಗುತ್ತದೆ. ಅಭ್ಯಾಸವಾದ ಮೇಲೆ ಅದೊಂದು ಕಷ್ಟವಲ್ಲ. ಕಷ್ಟ ಇರುವುದು ಘಾಟಿಯಲ್ಲಿ. ನಿಮ್ಮ ಮನೆಯಿಂದ ಹೊರಟು ಕರಾವಳಿಗೆ ಇಳಿಯಬೇಕೆಂದರೆ ಯಾವುದಾದರೊಂದು ಘಾಟಿ ಬೇಕೇ ಬೇಕು. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಟ್ರೈಲರಿನ ಚಕ್ರ ಕಾರಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ತಿರುವಿನ ಒಳಬದಿಯನ್ನು ಕತ್ತರಿಸಿಕೊಂಡು ಬರುತ್ತದೆ. ಇಳಿಯುವಾಗ ಹಿಂದಿನ ತೂಕ ಕಾರನ್ನು ಮುಂದಕ್ಕೆ ನೂಕುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಂದು ಹಳ್ಳಿಯಲ್ಲಿ ಹೇಳುವುದು ಇದನ್ನೇ. ಎದುರಿನಿಂದ ಬಸ್ ಬಂದರೆ ನೀವು ಹಿಂದಕ್ಕೆ ಸರಿಯಬೇಕು, ಎಲ್ಲಿಗೆ ಸರಿಯುತ್ತೀರಿ?

ವ್ಯಾನಾದರೂ ಮೋಟರ್‌ಹೋಮ್ ಆದರೂ ಹತ್ತಿದ ಗೇರಿನಲ್ಲೇ ಇಳಿಯಿರಿ. ಇಳಿಜಾರಿನ ಉದ್ದಕ್ಕೂ ಬ್ರೇಕ್ ಮೆಟ್ಟಿಕೊಂಡೇ ಬಂದರೆ ಬಿಸಿಯೇರಿ ಹಿಡಿಯುವುದನ್ನೇ ಬಿಡುತ್ತದೆ. ಮೂರು ಟನ್ನಿನ ವಾಹನದಲ್ಲಿ ಇದು ಜೀವದ ಪ್ರಶ್ನೆ.

ಪರವಾನಗಿಗೆ ಚಿಂತೆ ಬೇಡ. ಒಟ್ಟು ತೂಕ 7,500 ಕೆಜಿ ಮೀರದ ವಾಹನಕ್ಕೆ ಎಲ್‌ಎಂವಿ (ಲಘು ಮೋಟಾರು ವಾಹನ) ಪರವಾನಗಿ ಸಾಕು. ಆದರೆ 55 ದಾಟಿದ ಮೇಲೆ ನವೀಕರಿಸಿದರೆ ಐದೇ ವರ್ಷಕ್ಕೆ ಕೊಡುತ್ತಾರೆ, ವೈದ್ಯರ ಪ್ರಮಾಣಪತ್ರವೂ ಬೇಕು. ಅಮ್ಮನವರಿಗೂ ಓಡಿಸಲು ಬರುತ್ತದೆಯೇ? ಬರದಿದ್ದರೆ ಈಗಲೇ ಕಲಿಸಿ. ನಡುದಾರಿಯಲ್ಲಿ ನಿಮಗೆ ಜ್ವರ ಬಂದರೆ ಮನೆಯೇ ಅಲ್ಲಿ ನಿಂತುಬಿಡುತ್ತದೆ.

ಮಂಡ್ಯದ ಪಯಣಿಗ

ಹಳೆಯ ಟಿಟಿ ಕೊಳ್ಳುವ ಮುನ್ನ ನನ್ನ ಕಥೆ ಕೇಳಿ, ಸರ್. ನಾನು ಕೊಂಡಿದ್ದೂ ಅದೇ. ಒಂದು ಊರಿನ ಗ್ಯಾರೇಜಿನವರು ಮೂರು ತಿಂಗಳಲ್ಲಿ ಮಾಡಿಕೊಡುತ್ತೇನೆಂದು ಒಂಬತ್ತು ತಿಂಗಳು ತೆಗೆದುಕೊಂಡರು. ನೋಡಲು ಚೆನ್ನಾಗಿತ್ತು. ಗೋಡೆ, ಕಪಾಟು, ಮಂಚ ಎಲ್ಲವೂ ದಪ್ಪ 19 ಎಂಎಂ ಪ್ಲೈವುಡ್. ನೀರಿನ ಟ್ಯಾಂಕು 150 ಲೀಟರಿನದು, ಅದನ್ನು ಹಿಂದಿನ ಆಕ್ಸಲ್ಲಿಗಿಂತಲೂ (ಹಿಂಚಕ್ರಗಳ ಅಚ್ಚಿಗಿಂತಲೂ) ಹಿಂದೆ, ಬಾಗಿಲಿನ ಬುಡದಲ್ಲಿ ಕೂರಿಸಿದ್ದರು.

ಮೊದಲ ಪ್ರಯಾಣದಲ್ಲೇ ಹೆಡ್‌ಲೈಟ್ ಮರದ ಕೊಂಬೆಗಳಿಗೆ ಬೀಳುತ್ತಿತ್ತು, ಸ್ಟೇರಿಂಗ್ ಹಗುರವಾಗಿ ತೇಲುತ್ತಿತ್ತು. ಕಬ್ಬಿನ ಲಾರಿಗಳು ತೂಕ ಹಾಕಿಸುವ ವೇಬ್ರಿಡ್ಜಿಗೆ ಒಯ್ದೆ. ಟ್ಯಾಂಕು ತುಂಬಿಸಿ, ಬಟ್ಟೆ, ಪಾತ್ರೆ, ನಾವಿಬ್ಬರು ಕೂತು ತೂಗಿಸಿದೆವು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕಕ್ಕಿಂತ 340 ಕೆಜಿ ಹೆಚ್ಚು! ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿದಾಗ ಮುಂಭಾಗದಲ್ಲಿ ಇರಬೇಕಾದಷ್ಟು ತೂಕವೇ ಇರಲಿಲ್ಲ. ಅರ್ಧ ಮರಗೆಲಸ ಕಿತ್ತು ಹಗುರ ಹಲಗೆ ಹಾಕಿಸಿ, ಟ್ಯಾಂಕನ್ನು ಎರಡು ಆಕ್ಸಲ್‌ಗಳ ನಡುವೆ ತರಿಸಿದ ಮೇಲೆಯೇ ವಾಹನ ಕೈಗೆ ಸಿಕ್ಕಿತು.

ಕಾಗದಪತ್ರದ ವಿಷಯ ಇನ್ನೂ ದೊಡ್ಡದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಎತ್ತಿ ಹಿಡಿದಿದೆ. ಆರ್‌ಸಿಯಲ್ಲಿ 12 ಸೀಟಿನ ವಾಹನ ಎಂದಿದ್ದು ಒಳಗೆ ಮಂಚ, ಒಲೆ ಇದ್ದರೆ, ಅಪಘಾತವಾದ ದಿನ ವಿಮೆಯವರ ಮುಂದೆ ನಿಮ್ಮ ಮಾತು ನಡೆಯುವುದಿಲ್ಲ. ಒಳಗೆ ವಾಸಿಸುವಂತೆ ಮಾಡಿದ ವಾಹನಕ್ಕೆ, ಅಂದರೆ ಮೋಟರ್ ಕ್ಯಾರವಾನ್‌ಗೆಂದೇ ಎಐಎಸ್ 124 ಎಂಬ ಮಾನದಂಡವಿದೆ, ಆರ್‌ಟಿಒ ದಾಖಲೆಯಲ್ಲಿ ಕ್ಯಾಂಪರ್ ವ್ಯಾನ್ ಎಂಬ ಪ್ರತ್ಯೇಕ ವರ್ಗವೂ ಇದೆ. ಆ ಅನುಮೋದನೆ ಪಡೆದವರಿಂದಲೇ ಮಾಡಿಸಿ. ಮುಂಗಡ ಕೊಡುವ ಮುನ್ನ ಅನುಮೋದನೆಯ ಪ್ರತಿಯನ್ನೂ ಅವರು ಹಿಂದೆ ಮಾಡಿಕೊಟ್ಟ ಯಾವುದಾದರೊಂದು ವಾಹನದ ಆರ್‌ಸಿಯನ್ನೂ ಕಣ್ಣಾರೆ ನೋಡಿ. ನಾನು ನೋಡಲಿಲ್ಲ. ಅದನ್ನು ಸರಿಪಡಿಸಿಕೊಳ್ಳಲು ಒಂದು ವರ್ಷ ಹೋಯಿತು.

ಆಸ್ಟಿನ್ ಅಜ್ಜ

ನಾವು ಅಮೆರಿಕದ ಟೆಕ್ಸಾಸಿನಲ್ಲಿರುವವರು, ಮೂಲ ತೀರ್ಥಹಳ್ಳಿ. ಆರು ವರ್ಷಗಳಿಂದ ವರ್ಷದ ಅರ್ಧ ಭಾಗ ರಸ್ತೆಯಲ್ಲಿದ್ದೇವೆ. ಇಲ್ಲಿ ಮೋಟರ್‌ಹೋಮ್‌ಗಳಲ್ಲಿ ಮೂರು ವರ್ಗ. ಬಸ್ಸಿನಂಥದ್ದು ಎ, ವ್ಯಾನಿನೊಳಗೇ ಮನೆ ಮಾಡಿದ್ದು ಬಿ, ಚಾಲಕನ ತಲೆಯ ಮೇಲೆ ಮಂಚ ಚಾಚಿಕೊಂಡಿರುವುದು ಸಿ. ಎಳೆದೊಯ್ಯುವುದರಲ್ಲಿ ಸಾಮಾನ್ಯ ಟ್ರೈಲರ್ ಇದೆ, ಪಿಕಪ್ಪಿನ ಹಿಂಬದಿಯ ತೊಟ್ಟಿಯೊಳಗೆ ಕೊಂಡಿ ಹಾಕುವ ಫಿಫ್ತ್ ವೀಲ್ ಇದೆ.

ನಮ್ಮ ಮೊದಲ ವಾಹನ 34 ಅಡಿಯ ಫಿಫ್ತ್ ವೀಲ್. ಅದರ ಸುಖವನ್ನು ಅಲ್ಲಗಳೆಯುವುದಿಲ್ಲ: ಮನೆಯನ್ನು ಒಂದು ಕಡೆ ಬಿಟ್ಟು ಪಿಕಪ್ಪಿನಲ್ಲಿ ಪೇಟೆಗೆ ಹೋಗಿಬರಬಹುದು. ಮೋಟರ್‌ಹೋಮಿನವರು ಹಾಲು ತರಲೂ ಇಡೀ ಮನೆಯನ್ನು ಮಡಚಿ ಹೊರಡಬೇಕು. ಆದರೆ ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಬೆಟ್ಟದ ನೆತ್ತಿಗೆ ಹೋಗುವ ರಸ್ತೆಯ ಮೇಲ್ಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನವನ್ನು ಬಿಡುವುದೇ ಇಲ್ಲ. ಹಳೆಯ ಶಿಬಿರ ತಾಣಗಳಲ್ಲಿ ಉದ್ದದ ವಾಹನಕ್ಕೆ ಜಾಗ ಸಿಗುವುದು ಕಷ್ಟ. ಎರಡು ವರ್ಷ ಇಟ್ಟುಕೊಂಡು ಮಾರಿ ಬಿ ವರ್ಗದ ವ್ಯಾನ್ ಕೊಂಡೆವು. ನಾವು ನೋಡಬೇಕೆಂದಿದ್ದ ಜಾಗಗಳ ಬಾಗಿಲು ಆಗ ತೆರೆಯಿತು.

ಒಂದು ಮುಖ್ಯ ವ್ಯತ್ಯಾಸ ನೆನಪಿಡಿ. ಇಲ್ಲಿ ನೀರು, ಕರೆಂಟು, ಕೊಳಚೆಯ ಕೊಳವೆ ಮೂರೂ ಇರುವ ತಾಣಗಳು ಊರೂರಿಗೂ ಇವೆ. 62 ದಾಟಿದ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ 80 ಡಾಲರಿಗೆ ಜೀವಮಾನದ ಉದ್ಯಾನ ಪಾಸು ಸಿಗುತ್ತದೆ. ದೊಡ್ಡ ವಾಹನ ಇಲ್ಲಿ ನಡೆಯುವುದು ಈ ವ್ಯವಸ್ಥೆಯ ಬಲದಿಂದ. ಊರಿಗೆ ಬಂದಾಗ ನೋಡಿದಂತೆ ನಿಮ್ಮಲ್ಲಿ ಅದಿನ್ನೂ ಆರಂಭದಲ್ಲಿದೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ನೀತಿ ತಂದಿತು, ಮರುವರ್ಷ ವಾಗಮಣ್‌ನಲ್ಲಿ ಆ ರಾಜ್ಯದ ಮೊದಲ ಕ್ಯಾರವಾನ್ ತಾಣ ಆರಂಭವಾಯಿತು. ಅಂಥವು ಹೆಚ್ಚುವವರೆಗೆ ದೊಡ್ಡ ವಾಹನದ ಕೊಳಚೆ ಟ್ಯಾಂಕನ್ನು ಎಲ್ಲಿ ಖಾಲಿ ಮಾಡುತ್ತೀರಿ ಎಂದು ಯೋಚಿಸಿ.

ಸಾಗರದ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಟ್ರೈಲರ್ ಬೇಡವೆಂದು ತೀರ್ಮಾನಿಸಿದೆ. ಮಂಡ್ಯದವರೇ, ಹಳೆಯ ಟಿಟಿಯ ಮಾಲೀಕರಿಗೂ ಫೋನ್ ಮಾಡಿ ಬೇಡವೆಂದೆ. ಈಗ ಉಳಿದಿರುವುದು ಮಧ್ಯಮ ಗಾತ್ರದ ಹೊಸ ವ್ಯಾನೋ ದೊಡ್ಡ ಮೋಟರ್‌ಹೋಮೋ ಎಂಬುದಷ್ಟೇ. ದೊಡ್ಡದರಲ್ಲಿ ಎಸಿ ಇದೆ ಎನ್ನುವುದೇ ನನ್ನನ್ನು ಎಳೆಯುತ್ತಿದೆ. ಸೌರ ಫಲಕ ಹಾಕಿಸಿದರೆ ರಾತ್ರಿಯಿಡೀ ಓಡುತ್ತದೆ ಎಂದು ಮಾರುವವರು ಹೇಳಿದರು. ಅದು ನಿಜವೇ?

ಹುಬ್ಬಳ್ಳಿಯ ಇಂಜಿನಿಯರ್

ಲೆಕ್ಕದ ಮೇಷ್ಟ್ರಿಗೆ ಲೆಕ್ಕವನ್ನೇ ಕೊಡುತ್ತೇನೆ. 45 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ದಿನಕ್ಕೆ ಸುಮಾರು ಅರ್ಧ ಯೂನಿಟ್ ತಿನ್ನುತ್ತದೆ. ಎರಡು ಫ್ಯಾನು ರಾತ್ರಿಯಿಡೀ ಓಡಿದರೆ 0.4. ದೀಪ, ಮೊಬೈಲ್ ಎಲ್ಲ ಸೇರಿ 0.15. ಚಟ್ನಿಗೆ ಐದು ನಿಮಿಷ ಮಿಕ್ಸಿ ತಿರುಗಿಸಿದರೆ 0.06, ಅದು ಲೆಕ್ಕಕ್ಕೇ ಇಲ್ಲ. ಒಟ್ಟು ದಿನಕ್ಕೆ 1.1 ಯೂನಿಟ್.

200 ಆಂಪಿಯರ್ ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 2.5 ಯೂನಿಟ್ ಇರುತ್ತದೆ. ಮನೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಬೇಡ. ಅದರ ತೂಕ 50 ಕೆಜಿ ದಾಟುತ್ತದೆ, ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಛಾವಣಿಯ ಮೇಲೆ 400 ವ್ಯಾಟ್ ಫಲಕ ಇದ್ದರೆ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 1.2 ಯೂನಿಟ್ ಬರುತ್ತದೆ. ಮೋಡ ಕವಿದ ದಿನಕ್ಕೆ ಇಂಜಿನ್ನಿನಿಂದ ಚಾರ್ಜ್ ಮಾಡುವ ಸಾಧನವೊಂದು ಇರಲಿ, ಮೂರು ಗಂಟೆಯ ಪ್ರಯಾಣದಲ್ಲಿ ಬೇಕಾದಷ್ಟು ತುಂಬುತ್ತದೆ. ಇಷ್ಟರಲ್ಲಿ ಸಂಸಾರ ಸುಸೂತ್ರವಾಗಿ ನಡೆಯುತ್ತದೆ.

ಈಗ ಎಸಿ ಸೇರಿಸಿ. ಒಂದು ಟನ್ನಿನದು ಎಂಟು ಗಂಟೆ ಓಡಿದರೆ ಐದು ಯೂನಿಟ್ಟಿಗೂ ಹೆಚ್ಚು. ಫಲಕಗಳು ನಾಲ್ಕು ದಿನ ದುಡಿದದ್ದು ಒಂದೇ ರಾತ್ರಿಗೆ ಮುಗಿಯುತ್ತದೆ. ನಿಮಗೆ ಸಿಕ್ಕ ಉತ್ತರ ನಿಜವಲ್ಲ. ಕರೆಂಟು ಎಳೆದುಕೊಳ್ಳುವ ಜಾಗದಲ್ಲಿ ನಿಂತರೆ ಮಾತ್ರ ಎಸಿ ನಡೆಯುತ್ತದೆ.

ನಾನು ಮಾಡುವುದು ಬೇರೆ. ಸಾವಿರ ಮೀಟರ್ ಮೇಲೇರಿದರೆ ಸೆಕೆ ಸುಮಾರು ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಏಪ್ರಿಲ್‌ನಲ್ಲಿ ಬಯಲುಸೀಮೆಯಲ್ಲಿ ನಿಲ್ಲುವುದೇ ಇಲ್ಲ, ಚಿಕ್ಕಮಗಳೂರಿನ ಕಡೆಗೋ ನೀಲಗಿರಿಗೋ ಹತ್ತುತ್ತೇನೆ. ಊಟಿಗೆ 2024ರ ಮೇ ತಿಂಗಳಿನಿಂದ ಇ-ಪಾಸ್ ಬೇಕು, ಮೊದಲೇ ತೆಗೆದುಕೊಳ್ಳಿ. ಬಂಡೀಪುರದ ದಾರಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ, ಆದ್ದರಿಂದ ಹಗಲಿನಲ್ಲೇ ದಾಟುವಂತೆ ಹೊರಡಿ.

ಉಡುಪಿಯ ನರ್ಸಮ್ಮ

ಇಲ್ಲಿಯವರೆಗೆ ಬರೆದವರೆಲ್ಲ ಗಂಡಸರು ಎಂದು ಕಾಣುತ್ತದೆ. ಮೇಷ್ಟ್ರೇ, ನಿಮ್ಮಿಬ್ಬರ ಆರೋಗ್ಯ ಹೇಗಿದೆ ಎಂದು ಯಾರೂ ಕೇಳಲಿಲ್ಲ. ಸಕ್ಕರೆ ಕಾಯಿಲೆ ಇದೆಯೇ? ಇನ್ಸುಲಿನ್ ಇದ್ದರೆ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಸುತ್ತಲಿನ ಸೆಕೆಗಿಂತ ಇಷ್ಟು ಡಿಗ್ರಿ ಕಡಿಮೆ ಎಂದು ಮಾರುವ ಅಗ್ಗದ ತಂಪುಪೆಟ್ಟಿಗೆಯನ್ನು ಈ ಕೆಲಸಕ್ಕೆ ನಂಬಬೇಡಿ, ಇಂಜಿನಿಯರ್ ಹೇಳಿದ ಕಂಪ್ರೆಸರ್ ಫ್ರಿಜ್ಜೇ ಬೇಕು. ರಾತ್ರಿ ಎಷ್ಟು ಸಲ ಏಳುತ್ತೀರಿ? ಮಂಡಿ ಹೇಗಿದೆ? ವಾಹನವನ್ನು ಆರಿಸಬೇಕಾದದ್ದು ಈ ಪ್ರಶ್ನೆಗಳಿಂದ. ಮೇಷ್ಟ್ರ ಮನೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಅವರೇ ಬರೆಯಲಿ.

ಸಾಗರದ ಮೇಷ್ಟ್ರು

ನಾನು ಇವರ ಹೆಂಡತಿ, ಇವರ ಖಾತೆಯಿಂದಲೇ ಬರೆಯುತ್ತಿದ್ದೇನೆ. ನರ್ಸಮ್ಮನವರೇ, ಕೇಳಿದ್ದಕ್ಕೆ ಬಹಳ ಸಂತೋಷವಾಯಿತು. ಇವರಿಗೆ ಆರು ವರ್ಷದಿಂದ ಸಕ್ಕರೆ, ಮಾತ್ರೆಯಲ್ಲಿದೆ. ನನಗೆ ಬಲಮಂಡಿ ನೋವು. ರಾತ್ರಿ ಎರಡು ಸಲ ಏಳಲೇಬೇಕು.

ಇವರು ತಂದ ನಕ್ಷೆಯಲ್ಲಿ ಮಂಚ ಅಡ್ಡಲಾಗಿದೆ, ನಾನು ಒಳಬದಿಗೆ. ಎಂದರೆ ಎದ್ದಾಗಲೆಲ್ಲ ಇವರನ್ನು ದಾಟಿ ಇಳಿಯಬೇಕು. ಮಂಚ ನನ್ನ ಸೊಂಟದೆತ್ತರ, ಏಕೆಂದರೆ ಅದರಡಿಯಲ್ಲಿ ನೀರಿನ ಟ್ಯಾಂಕು. ಅಡುಗೆಮನೆ ಗಾಳಿಯಾಡದ ಮೂಲೆಯಲ್ಲಿದೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಘಾಟಿಗೆ ಇಬ್ಬರೂ ಹೊರಗೆ ಓಡಬೇಕಾಗುತ್ತದೆ, ಆ ವಾಸನೆ ಹಾಸಿಗೆಯಲ್ಲಿ ಉಳಿಯುತ್ತದೆ. ಹೋಗಬೇಕೆಂಬ ಆಸೆ ನನಗೆ ಇವರಿಗಿಂತ ಹೆಚ್ಚಾಗಿಯೇ ಇದೆ. ನರ್ಮದೆಯ ದಡದ ಊರುಗಳನ್ನು ನೋಡಬೇಕೆಂದು ಮದುವೆಯಾದ ಹೊಸದರಿಂದ ಹೇಳುತ್ತಿದ್ದೇನೆ. ಹೋದ ಮೇಲೆ ಅಲ್ಲಿ ಇರಲಿಕ್ಕೂ ಆಗಬೇಕಲ್ಲ.

ಶಿರಸಿಯ ಬಡಗಿ

ಅಕ್ಕ, ಒಂದು ಕೆಲಸ ಮಾಡಿ. ಮನೆ ಕಟ್ಟುವ ಮೊದಲು ಪಾಯದ ಗುರುತು ಹಾಕುವುದಿಲ್ಲವೇ? ಹಾಗೆಯೇ ಅಂಗಳದಲ್ಲಿ ರಂಗೋಲಿ ಪುಡಿಯಿಂದ ವ್ಯಾನಿನ ಒಳ ಅಳತೆಯನ್ನು ಎಳೆಯಿರಿ. ಹೊರಗಿನ ಅಳತೆಯಲ್ಲ, ಒಳಗಿನದು. ಅದರಲ್ಲಿಯೂ ಎರಡೂ ಬದಿಗೆ ತಲಾ ಒಂದೂವರೆ ಇಂಚು ಕಳೆಯಿರಿ, ಶಾಖ ತಡೆಯುವ ಪದರವೂ ಹಲಗೆಯೂ ಅಷ್ಟು ತಿನ್ನುತ್ತವೆ. ಮಂಚದ ಜಾಗಕ್ಕೆ ಬೆಂಚು, ಒಲೆಯ ಜಾಗಕ್ಕೆ ಸ್ಟೂಲು ಇಟ್ಟು ಒಂದಿಡೀ ದಿನ ಇಬ್ಬರೂ ಗೆರೆಯೊಳಗೇ ಇರಿ. ಗೆರೆ ದಾಟಿದರೆ ಗೋಡೆಗೆ ತಲೆ ಬಡಿದಂತೆ ಎಂದು ತಿಳಿಯಿರಿ.

ಮಂಡ್ಯದ ಪಯಣಿಗ

ಬಡಗಿಯವರು ಹೇಳಿದ್ದು ಬಹಳ ಒಳ್ಳೆಯ ಉಪಾಯ. ಅದಾದ ಮೇಲೆ ದೊಡ್ಡದನ್ನೇ ಹತ್ತು ದಿನ ಬಾಡಿಗೆಗೆ ತೆಗೆದುಕೊಂಡು ಹೋಗಿಬನ್ನಿ. ಬಾಡಿಗೆ ದುಬಾರಿ ಎನಿಸಬಹುದು, ತಪ್ಪಾಗಿ ಕೊಂಡರೆ ಆಗುವ ನಷ್ಟದ ಮುಂದೆ ಅದು ಏನೂ ಅಲ್ಲ.

ಸಾಗರದ ಮೇಷ್ಟ್ರು

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಎರಡನ್ನೂ ಮಾಡಿದೆವು.

ಅಂಗಳದಲ್ಲಿ ಗೆರೆ ಎಳೆದ ದಿನ ಮಧ್ಯಾಹ್ನದೊಳಗೆ ಅಡ್ಡ ಮಂಚ ಹೋಯಿತು. ನಾನು 5 ಅಡಿ 8 ಇಂಚು, ಗೆರೆಗಳ ನಡುವೆ ಸಿಕ್ಕಿದ್ದು 5 ಅಡಿ 6. ಕಾಲು ಮಡಚಿಕೊಂಡೇ ಮಲಗಬೇಕಿತ್ತು. ಕಾಗದದ ಮೇಲೆ ಇದೇ ಅಂಕಿಗಳನ್ನು ಹತ್ತು ಸಲ ನೋಡಿದ್ದೆ. ನೆಲದ ಮೇಲೆ ಮಲಗಿದಾಗ ಅರ್ಥವಾಯಿತು.

ಆಮೇಲೆ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ದೊಡ್ಡ ಮೋಟರ್‌ಹೋಮ್ ಬಾಡಿಗೆಗೆ ತೆಗೆದುಕೊಂಡು ಚಿತ್ರದುರ್ಗ, ಹಂಪಿ, ಬಾದಾಮಿ ಸುತ್ತಿ ಹನ್ನೊಂದು ದಿನಕ್ಕೆ ಮರಳಿದೆವು. ಬಾದಾಮಿಯ ಕೆರೆಯ ದಡಕ್ಕೆ ಹೋಗುವ ಓಣಿಯಲ್ಲಿ ವಾಹನ ಹಿಡಿಸಲಿಲ್ಲ. ಮುಖ್ಯ ರಸ್ತೆಯಲ್ಲಿ ನಿಲ್ಲಿಸಿ ಆಟೋ ಹಿಡಿದೆವು. ಒಂದು ಹಳ್ಳಿಯ ಹತ್ತಿರ ರೈಲ್ವೆ ಕೆಳಸೇತುವೆ ಎದುರಾಯಿತು. ನಮ್ಮ ವಾಹನದ ಎತ್ತರ ಎಷ್ಟೆಂದು ನನಗೆ ಖಚಿತವಿರಲಿಲ್ಲ. ಇಳಿದು ನೋಡಿದರೆ ಛಾವಣಿಯ ಎಸಿ ಪೆಟ್ಟಿಗೆ ತಗಲುವಂತಿತ್ತು. ಊರಿನ ಹುಡುಗರು ಮುಂದೆ ಹಿಂದೆ ನಿಂತು ಕೈಸನ್ನೆ ಮಾಡುತ್ತಾ ಮುನ್ನೂರು ಮೀಟರ್ ಹಿಂದಕ್ಕೆ ತರಿಸಿದರು. ಮುಂದೆ ಯಾವ ವಾಹನ ಕೊಂಡರೂ ಎತ್ತರವನ್ನು ಅಡಿಯಲ್ಲೂ ಮೀಟರಿನಲ್ಲೂ ಬರೆದು ಸ್ಟೇರಿಂಗಿನ ಎದುರಿಗೆ ಅಂಟಿಸುತ್ತೇನೆ.

ಹನ್ನೊಂದು ರಾತ್ರಿಗಳಲ್ಲಿ ಎಸಿ ಓಡಿದ್ದು ಎರಡೇ ರಾತ್ರಿ, ವಸತಿಗೃಹದ ಆವರಣದಲ್ಲಿ ಕರೆಂಟು ಕೊಟ್ಟಾಗ. ಒಳಗಿನ ಸ್ನಾನದ ಕೋಣೆಯನ್ನು ಮೂರು ಸಲ ಬಳಸಿದೆವು. ಉಳಿದ ದಿನ ಯಾತ್ರಿ ನಿವಾಸಗಳಲ್ಲಿ ಹಣ ಕೊಟ್ಟು ಬಕೆಟ್ ತುಂಬ ಬಿಸಿನೀರಿನಲ್ಲಿ ಸ್ನಾನವಾಯಿತು. ನಿಜವಾಗಿ ಬೇಕೆನಿಸಿದ್ದು ರಾತ್ರಿಯ ಶೌಚಾಲಯ. ಕಳಚಿ ಒಯ್ಯುವ 20 ಲೀಟರಿನ ಪೆಟ್ಟಿಗೆಯದು ಸಾಕು, ಹಣ ಕೊಟ್ಟು ಬಳಸುವ ಸಾರ್ವಜನಿಕ ಶೌಚಾಲಯದಲ್ಲಿ ಅದನ್ನು ಖಾಲಿ ಮಾಡಬಹುದು. ಹಳ್ಳಕ್ಕೋ ಹೊಲಕ್ಕೋ ಸುರಿಯುವ ಪಾಪ ನಮಗೆ ಬೇಡ. ಮಲಗಲು ಜಾಗ ಹುಡುಕುವುದು ಇಷ್ಟು ಸುಲಭ ಎಂದು ತಿಳಿದಿರಲಿಲ್ಲ. ಪೆಟ್ರೋಲ್ ಬಂಕಿನವರನ್ನು ಕೇಳಿ, ಅಲ್ಲೇ ಊಟ ಮಾಡಿ ಮಲಗಿದರೆ ಬೆಳಗ್ಗೆ ಅವರೇ ಚಹಾ ಕಳಿಸುತ್ತಿದ್ದರು.

ಮಧ್ಯಮ ಗಾತ್ರದ ಹೊಸ ವ್ಯಾನಿಗೆ, ಅನುಮೋದನೆಯ ಪ್ರತಿ ನೋಡಿಯೇ, ಮುಂಗಡ ಕೊಟ್ಟಿದ್ದೇವೆ. ಒಳಗೆ ನೆಟ್ಟಗೆ ನಿಲ್ಲಬಹುದು. ಉದ್ದಕ್ಕೆ ಎರಡು ಮಂಚ, ನಡುವೆ ದಾರಿ, ಕೂತರೆ ಪಾದ ನೆಲಕ್ಕೆ ತಾಗುವಷ್ಟೇ ಎತ್ತರ. ಒಲೆ ಹಿಂಬಾಗಿಲಿನಿಂದ ಹೊರಕ್ಕೆ ಜಾರಿ ಬರುತ್ತದೆ, ಜೊತೆಗೆ ಐದು ಕೆಜಿಯ ಸಣ್ಣ ಸಿಲಿಂಡರ್. ನೀರು 70 ಲೀಟರ್. ಪಿಂಚಣಿಯ ಜೀವನ ಪ್ರಮಾಣಪತ್ರವನ್ನು ನವೆಂಬರ್‌ನಲ್ಲಿ ಮೊಬೈಲಿನಲ್ಲಿ ಮುಖ ತೋರಿಸಿಯೇ ಕೊಡಬಹುದೆಂದು ತಿಳಿಯಿತು, ಆ ಚಿಂತೆಯೂ ಹೋಯಿತು. ಮನೆ ಮಾರುವುದಿಲ್ಲ.

ಚನ್ನರಾಯಪಟ್ಟಣದ ಚಾಲಕ

ಬಹಳ ಸಂತೋಷ ಮೇಷ್ಟ್ರೇ. ಒಂದು ಮಾತು ಬಾಕಿ ಇದೆ. ಒಂದೇ ಹೊರರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ವಾಹನ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ನೀವು ಮಳೆಗಾಲಕ್ಕೆ ಮನೆಗೆ ಬರುವವರಾದ್ದರಿಂದ ತೊಂದರೆಯಿಲ್ಲ, ಟೋಲ್ ರಸೀದಿಗಳನ್ನು ಮಾತ್ರ ಉಳಿಸಿಕೊಳ್ಳಿ. ಅಮ್ಮನವರು ಓಡಿಸಲು ಕಲಿತರೇ?

ಸಾಗರದ ಮೇಷ್ಟ್ರು

ಮತ್ತೆ ನಾನೇ, ಹೆಂಡತಿ. ಕಲಿಕಾ ಪರವಾನಗಿ ಬಂದಿದೆ. ಶಾಲೆಯ ಮೈದಾನದಲ್ಲಿ ನಮ್ಮ ಕಾರು ಓಡಿಸುತ್ತಿದ್ದೇನೆ. ನರ್ಸಮ್ಮನವರೇ, ನಾಳೆ ವ್ಯಾನಿನವರಿಗೆ ಮೆಟ್ಟಿಲಿನ ವಿವರ ಕೊಡಬೇಕು. ಬಾಗಿಲ ಬಳಿ ಹಿಡಿಕೆ ಎಡಕ್ಕಿರಲಿ ಎನ್ನಲೋ ಬಲಕ್ಕೋ? ನೋವು ಬಲಮಂಡಿಯಲ್ಲಿ.

ಉಡುಪಿಯ ನರ್ಸಮ್ಮ

ಎರಡೂ ಕಡೆ ಹಾಕಿಸಿ ಅಕ್ಕ. ಇಳಿಯುವಾಗ ಬಲಗೈಗೆ ಸಿಕ್ಕಿದ್ದು ಹತ್ತುವಾಗ ಎಡಗೈಗೆ ಬರುತ್ತದೆ. ಮೆಟ್ಟಿಲಿನ ಎತ್ತರ ಏಳು ಇಂಚು ದಾಟದಂತೆ ನೋಡಿಕೊಳ್ಳಿ, ಬೇಕಾದರೆ ಒಂದು ಮೆಟ್ಟಿಲು ಹೆಚ್ಚಾಗಲಿ. ಹತ್ತುವಾಗ ಗಟ್ಟಿ ಇರುವ ಎಡಗಾಲು ಮೊದಲು, ಇಳಿಯುವಾಗ ನೋವಿರುವ ಬಲಗಾಲು ಮೊದಲು. ಮೆಟ್ಟಿಲಿನ ಅಂಚಿಗೆ ಕತ್ತಲಲ್ಲಿ ಕಾಣುವ ಬಿಳಿ ಪಟ್ಟಿ ಅಂಟಿಸಲು ಹೇಳಿ.